ಕಾಫಿ ದಲ್ಲಾಳಿಯ ಪುಟಗಳು

ಮುಲ್ತಾತುಲಿ ಎಂಬ ಹೆಸರಿನಲ್ಲಿ ಎಡ್ವರ್ಡ್ ಡೌವೆಸ್ ಡೆಕ್ಕರ್ ಬರೆದ ಡಚ್ ಕಾದಂಬರಿ 'ಮ್ಯಾಕ್ಸ್ ಹಾವೆಲಾರ್' (1860) ವಸಾಹತುಶಾಹಿಯ ಖಂಡನೆಯೆಂದೇ ಪ್ರಸಿದ್ಧ. ಎರಡನೆಯ ಓದಿನಲ್ಲಿ ನನಗೆ ಅನುಮಾನ ಹುಟ್ಟಿತು.

ಯುದ್ಧಗಳಿಂದ ಬರಿದಾದ ಬೊಕ್ಕಸ ತುಂಬಿಸಲು ಡಚ್ಚರು 1830ರಲ್ಲಿ ಜಾವಾದಲ್ಲಿ ಕಡ್ಡಾಯ ಬೇಸಾಯ ತಂದರು. ನಿಯಮದ ಪ್ರಕಾರ ಊರಿನ ಐದನೇ ಒಂದು ಭಾಗ ನೆಲದಲ್ಲಿ ಕಬ್ಬು, ನೀಲಿಯಂಥ ರಫ್ತು ಬೆಳೆ. ಕಾಫಿಯನ್ನು ಸರ್ಕಾರ ಹೇಳಿದ ಬೆಲೆಗೇ ಒಪ್ಪಿಸಬೇಕು. ಇಳುವರಿ ಹೆಚ್ಚಿದಷ್ಟೂ ಸ್ಥಳೀಯ ಮುಖಂಡರಿಗೂ ಡಚ್ ಅಧಿಕಾರಿಗಳಿಗೂ ಕಮಿಷನ್. 1849-50ರಲ್ಲಿ ದೆಮಾಕ್, ಗ್ರೊಬೊಗಾನ್ ಸೀಮೆಗಳಲ್ಲಿ ಜನ ಹಸಿವಿನಿಂದ ಸತ್ತರು.

ಮೊದಲ ಓದಿನಲ್ಲಿ, ಎಮ್ಮೆ ಕಳೆದುಕೊಂಡ ಬಡ ಹುಡುಗ ಸೈಜಾನ ಕತೆಗೆ ಅತ್ತಿದ್ದೆ. ಆದರೆ ಆ ಎಮ್ಮೆಯನ್ನು ಕಿತ್ತುಕೊಂಡವರು ಯಾರು? ಕಾದಂಬರಿ ಬೆರಳು ತೋರುವುದು ಸ್ಥಳೀಯ ಮುಖಂಡನತ್ತ. ಕೊನೆಗೆ ಲೇಖಕ ಮೊರೆಯಿಡುವುದು ಡಚ್ ದೊರೆಗೆ. ಅವನಿಗೆ ಬೇಕಿದ್ದುದು ನ್ಯಾಯದ ಆಳ್ವಿಕೆ. ಪರರ ಆಳ್ವಿಕೆಯೇ ಅನ್ಯಾಯವೆಂಬ ಮಾತು ಅವನಲ್ಲಿಲ್ಲ.

ಆದರೂ ಕೃತಿ ಲೇಖಕನನ್ನು ಮೀರಿದೆ. ಕತೆ ಹೇಳುವವರಲ್ಲೊಬ್ಬ ಆಮ್‌ಸ್ಟರ್‌ಡ್ಯಾಮಿನ ಕಾಫಿ ದಲ್ಲಾಳಿ ದ್ರೋಗ್‌ಸ್ಟೊಪೆಲ್. ತನ್ನ ಲೆಕ್ಕದಲ್ಲಿ ಅವನು ಸಭ್ಯ, ದೇವಭಕ್ತ, ಯಾರನ್ನೂ ಹೊಡೆದವನಲ್ಲ. ಜಾವಾದ ಹಸಿವು ಅವನಿಗೆ ಕಾಫಿ ದರಕ್ಕೆ ಸಂಬಂಧಿಸದ ಸಂಗತಿ. ಸೈಜಾನಿಗಾಗಿ ಅತ್ತು ಪುಸ್ತಕ ಮುಚ್ಚಿದ ನಾನು ಅಂದು ಇವನನ್ನು ನೋಡಿ ಬರೀ ನಕ್ಕಿದ್ದೆ. ಸಾಮ್ರಾಜ್ಯಶಾಹಿ ನಡೆಯುವುದು ಇಂಥವರ ನೆಮ್ಮದಿಯಿಂದ ಎಂಬುದು ಆಗ ಹೊಳೆದಿರಲಿಲ್ಲ.