ತವರಿನಾಚೆಯ ಒಂದು ಗೋಲು

ತಂಡ ತವರಿನಾಚೆ ಒಂದೇ ಗೋಲಿನಿಂದ ಗೆದ್ದಾಗ ನಮ್ಮ ಫುಟ್‌ಬಾಲ್ ಅಭಿಮಾನಿಗಳಿಂದ ಎರಡೇ ಬಗೆಯ ಮಾತು ಬರುತ್ತವೆ. ಒಂದು, ಗೋಲು ಹೊಡೆದವನ ಜಯಕಾರ. ಇನ್ನೊಂದು, ‘ಹೆಂಗೋ ಪಾರಾದ್ವಿ’ ಎಂಬ ನಿಟ್ಟುಸಿರು. ಎರಡರಲ್ಲೂ ಆಟ ಕಾಣುವುದಿಲ್ಲ. 2023ರ ಮಾರ್ಚ್ 7ರಂದು ಮುಂಬೈಯಲ್ಲಿ ನಡೆದ ಐಎಸ್‌ಎಲ್ ಸೆಮಿಫೈನಲ್‌ನ ಮೊದಲ ಲೆಗ್ ನೋಡಿ. ಬದಲಿ ಆಟಗಾರನಾಗಿ ಇಳಿದ ಸುನಿಲ್ ಚೆಟ್ರಿ 78ನೇ ನಿಮಿಷದಲ್ಲಿ ಕಾರ್ನರ್ ಕಿಕ್‌ಗೆ ತಲೆಯೊಡ್ಡಿ ಗೋಲು ಗಳಿಸಿದರು. ಬೆಂಗಳೂರು ಎಫ್‌ಸಿ 1–0ಯಿಂದ ಗೆದ್ದಿತು. ಎದುರಿಗಿದ್ದದ್ದು ಆ ಋತುವಿನ ಲೀಗ್ ಶೀಲ್ಡ್ ಗೆದ್ದ ಮುಂಬೈ ಸಿಟಿ. ಅಂಥ ತಂಡಕ್ಕೆ ಅದರದೇ ಅಂಗಳದಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದ ರಕ್ಷಣೆಯೇ ಆ ರಾತ್ರಿಯ ದೊಡ್ಡ ಕೆಲಸ. ಚೆಟ್ರಿಯ ಗೋಲು ಅದಕ್ಕೆ ಬೆಲೆ ತಂದುಕೊಟ್ಟಿತು.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಂದಿಗೆ ಈ ನೋಟ ಹೊಸದಲ್ಲ. ಕಿತ್ತೂರು ಉತ್ಸವದ ಕುಸ್ತಿ ಕಣದಲ್ಲಿ ಕೆಳಗೆ ಸಿಕ್ಕಿಬಿದ್ದೂ ಬೆನ್ನು ಮಣ್ಣಿಗೆ ತಾಗಗೊಡದ ಪೈಲವಾನನ ಕಸುವನ್ನು ಬಲ್ಲವರು ಇವರು. ಕಬಡ್ಡಿಯಲ್ಲಿ ಒಂದು ಪಾಯಿಂಟ್ ಮುಂದಿರುವಾಗ ಬರಿಗೈಲಿ ಮರಳಿ ಹೊತ್ತು ಕಳೆಯುವ ರೈಡರ್‌ನನ್ನು ಹೇಡಿ ಎನ್ನುವುದಿಲ್ಲ. ಫುಟ್‌ಬಾಲ್‌ಗೆ ಬಂದಾಗ ಮಾತ್ರ ಆ ಕಣ್ಣು ಮುಚ್ಚಿಕೊಳ್ಳುತ್ತದೆ. ಇಲ್ಲಿಂದ ಬೆಂಗಳೂರೇ 400 ಕಿ.ಮೀ.ಗೂ ಆಚೆ, ಕಂಠೀರವ ಕ್ರೀಡಾಂಗಣದ ಪಂದ್ಯವೂ ಮುಂಬೈಯ ಪಂದ್ಯವೂ ಸಿಗುವುದು ಪರದೆಯ ಮೇಲೆಯೇ, ಅದೂ ಬಹಳ ಸಲ ಗೋಲಿನ ತುಣುಕಾಗಿ. ತುಣುಕಿನಲ್ಲಿ ಡಿಫೆಂಡರ್‌ಗಳಿಗೆ ಜಾಗವಿಲ್ಲ. ಅಭಿಮಾನಿಯ ತಪ್ಪಿಗಿಂತ ನೋಡುವ ರೂಢಿಯ ತಪ್ಪು ಇದರಲ್ಲಿ ಹೆಚ್ಚು.

ಕಾರ್ನರ್‌ನಿಂದ ಬಂದ ಗೋಲು ಅದೃಷ್ಟದ್ದು ಎನ್ನುವವರಿದ್ದಾರೆ. ಚೆಂಡು ಎಲ್ಲಿಗೆ ಬರಬೇಕು, ಯಾರು ಎಲ್ಲಿಂದ ಓಡಬೇಕು ಎಂಬುದನ್ನು ತಂಡಗಳು ಮತ್ತೆ ಮತ್ತೆ ಅಭ್ಯಾಸ ಮಾಡುತ್ತವೆ. ಅದೃಷ್ಟದ ಪಾಲು ಅಲ್ಲಿ ಇದ್ದರೂ ಸಣ್ಣದು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಅಷ್ಟು ಗಟ್ಟಿ ರಕ್ಷಣೆಯಿದ್ದರೆ ಮಾರ್ಚ್ 12ರ ಎರಡನೇ ಲೆಗ್‌ನಲ್ಲಿ ತವರಿನಲ್ಲೇ 1–2ರಿಂದ ಸೋತದ್ದೇಕೆ? ಆ ಸೋಲನ್ನು ಮುಚ್ಚಿಡಬೇಕಿಲ್ಲ. ಆದರೆ ಒಟ್ಟು ಲೆಕ್ಕ 2–2 ಆದದ್ದು ಮುಂಬೈಯಲ್ಲಿ ಗಳಿಸಿದ ಆ ಗೋಲಿನಿಂದಲೇ. ಅದಿದ್ದುದರಿಂದ ಪಂದ್ಯ ಶೂಟೌಟ್‌ಗೆ ಹೋಯಿತು, ಬೆಂಗಳೂರು 9–8ರಿಂದ ಫೈನಲ್ ಸೇರಿತು. ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್‌ಗೆ ಶೂಟೌಟ್‌ನಲ್ಲಿ ಸೋತದ್ದು ಈ ಗೆಲುವಿನ ಬೆಲೆಯನ್ನು ತಗ್ಗಿಸುವುದಿಲ್ಲ.

ಇದೇ ಕುರುಡು ಅದೇ ವಾರದ ಇನ್ನೊಂದು ಗೆಲುವಿಗೂ ಅನ್ಯಾಯ ಮಾಡಿತು. ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನದು ಮೈಸೂರು ಹೆಸರಿನಲ್ಲಿ 1968–69ರಲ್ಲಿ ಬಂದದ್ದು. ಮೊದಲಾರ್ಧಕ್ಕೆ 3–1ರಿಂದ ಮುಂದಿದ್ದ ಕರ್ನಾಟಕ 60ನೇ ನಿಮಿಷದಲ್ಲಿ ಒಂದು ಗೋಲು ಬಿಟ್ಟುಕೊಟ್ಟು, ಉಳಿದ ಅರ್ಧ ಗಂಟೆ ಆ ಒಂದೇ ಗೋಲಿನ ಅಂತರವನ್ನು ಕಾಯಿತು. ಅರ್ಧ ಶತಮಾನದ ಬರ ನೀಗಿದ್ದು ಆ ಅರ್ಧ ಗಂಟೆಯಲ್ಲಿ. ಮುಂದಿನ ಸಲ ತಂಡ ಹೊರಗೆ ಹೋಗಿ ಒಂದು ಗೋಲಿನಿಂದ ಗೆದ್ದರೆ, ತುಣುಕನ್ನು ಗೆಳೆಯರಿಗೆ ಕಳಿಸುವ ಮುನ್ನ ಕೊನೆಯ ಕಾಲು ಗಂಟೆಯನ್ನು ಪೂರ್ತಿ ನೋಡಿ, ಗೋಲು ತಡೆದವರ ಹೆಸರನ್ನೂ ಜೊತೆಗೆ ಬರೆದು ಕಳಿಸಿ.