ಮರ್ಯಮರ ಪ್ರಭಾವಳಿಯಲ್ಲಿ ಓದಲಾಗದ ಅಕ್ಷರಗಳು

ಉರ್ದು ಶಾಲೆಯಲ್ಲಿ ಅಲಿಫ್, ಬೇ ತಿದ್ದಿದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಆ ಲಿಪಿ ಎಲ್ಲಿ ಕಂಡರೂ, ದರ್ಗಾದ ಚಾದರದ ಮೇಲಾಗಲಿ, ಹಳೆಯ ಗೋರಿಯ ಕಲ್ಲಿನ ಮೇಲಾಗಲಿ, ಕಣ್ಣು ತಾನಾಗಿ ಬಲಗಡೆಗೆ ಹೋಗಿ ನಿಂತು ಓದಲು ತೊಡಗುತ್ತದೆ. ಫ್ಲಾರೆನ್ಸ್ ನಗರದ ಉಫಿಜಿ ಚಿತ್ರಶಾಲೆಯಲ್ಲಿ ನಮಗೆ ಆದದ್ದೂ ಅದೇ.

ಜೆಂಟಿಲೆ ದ ಫಾಬ್ರಿಯಾನೊ ಎಂಬ ಕಲಾವಿದ 1423ರಲ್ಲಿ ಮುಗಿಸಿದ ದೊಡ್ಡ ಚಿತ್ರವೊಂದು ಅಲ್ಲಿದೆ. ಪೂರ್ವದೇಶದ ಮೂವರು ಅರಸರು ಶಿಶು ಈಸಾರನ್ನು ಕಾಣಲು ಬಂದ ಪ್ರಸಂಗ. ಕುದುರೆ, ಬೇಟೆನಾಯಿ, ಆಳುಕಾಳುಗಳ ಮೆರವಣಿಗೆ. ಎಲ್ಲೆಲ್ಲೂ ಚಿನ್ನದ ಹೊಳಪು. ಮುದುಕ ಅರಸನೊಬ್ಬ ಬಾಗಿ ಮಗುವಿನ ಪಾದ ಮುಟ್ಟುತ್ತಿದ್ದಾನೆ. ಮಗು ತನ್ನ ಪುಟ್ಟ ಕೈಯನ್ನು ಅವನ ಬೋಳುತಲೆಯ ಮೇಲೆ ಇಟ್ಟಿದೆ. ಇದನ್ನೆಲ್ಲ ನೋಡುತ್ತ ಮರ್ಯಮರ ಮುಖದ ಹತ್ತಿರ ಬಂದಾಗ ನಾವು ಬೆಚ್ಚಿದೆವು. ಅವರ ತಲೆಯ ಸುತ್ತಲಿನ ಚಿನ್ನದ ಪ್ರಭಾವಳಿಯಲ್ಲಿ ಅರಬಿ ಅಕ್ಷರಗಳು! ಬಲದಿಂದ ಓದಲು ನೋಡಿದೆವು. ಅಲಿಫ್‌ನಂತಹ ನೇರ ಗೆರೆಗಳಿವೆ, ಲಾಮ್‌ನಂತಹ ಬಳುಕು ಇದೆ; ಒಂದು ಪದವೂ ಕೂಡಿಬರಲಿಲ್ಲ. ತಲೆ ಓರೆಮಾಡಿ ಇನ್ನೂ ಹತ್ತಿರ ಹೋದಾಗ ಕಾವಲಿನ ಹೆಂಗಸು ಕೈಸನ್ನೆಯಿಂದ ನಮ್ಮನ್ನು ಹಿಂದಕ್ಕೆ ಸರಿಸಿದಳು.

ಓದಲಾಗದ್ದು ನಮ್ಮ ಉರ್ದುವಿನ ದೋಷವಲ್ಲ. ಅವು ಅಕ್ಷರಗಳೇ ಅಲ್ಲ, ಅಕ್ಷರಗಳ ಅನುಕರಣೆ. ಕಲಾ ಇತಿಹಾಸಕಾರರು ಇದನ್ನು ಹುಸಿ ಅರಬಿ ಎಂದು ಕರೆಯುತ್ತಾರೆ. ಅದೇ ಊರಿನ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿರುವ ವೆರೋಕಿಯೊನ ಕಂಚಿನ ದಾವೂದ್ ವಿಗ್ರಹದ ಉಡುಪಿನ ಅಂಚಿನಲ್ಲೂ ಇಂಥದೇ ಬರಹ ಇದೆ. 1422ರಲ್ಲಿ ಮಸಾಚೊ ಬರೆದ ಒಂದು ಮರ್ಯಮ್ ಚಿತ್ರದ ಪ್ರಭಾವಳಿಯಲ್ಲಿ ನಮ್ಮ ಕಲಿಮಾವೇ ಇದೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.

ಈ ಅಕ್ಷರಗಳು ಇಲ್ಲಿಗೆ ಬಂದದ್ದು ಹೇಗೆ? ಬಟ್ಟೆಯ ಮೇಲೆ, ಹಿತ್ತಾಳೆಯ ತಟ್ಟೆಗಳ ಮೇಲೆ. ಫ್ಲಾರೆನ್ಸ್ ಸಮುದ್ರವಿಲ್ಲದ ಊರು. 1406ರಲ್ಲಿ ಪೀಸಾ ನಗರವನ್ನು ವಶಪಡಿಸಿಕೊಂಡು, 1421ರಲ್ಲಿ ಲಿವೊರ್ನೊ ಬಂದರನ್ನು ಕೊಂಡ ಮೇಲೆ ಅದಕ್ಕೆ ಕಡಲಿನ ದಾರಿ ತೆರೆಯಿತು. ಮರುವರ್ಷವೇ ಅದು ಕೈರೋದ ಮಮ್ಲೂಕ್ ಸುಲ್ತಾನ ಬರ್ಸ್‌ಬಾಯ್‌ನ ದರ್ಬಾರಿಗೆ ರಾಯಭಾರಿಗಳನ್ನು ಕಳಿಸಿ ವ್ಯಾಪಾರದ ಸವಲತ್ತು ಕೇಳಿತು. ಆ ಇಬ್ಬರು ರಾಯಭಾರಿಗಳಲ್ಲಿ ಒಬ್ಬ ಫೆಲಿಚೆ ಬ್ರಾಂಕಾಚಿ ಎಂಬ ರೇಷ್ಮೆ ವ್ಯಾಪಾರಿ. ಮಸಾಚೊನ ಭಿತ್ತಿಚಿತ್ರಗಳಿಂದ ಜಗತ್ತೇ ಬಲ್ಲ ಬ್ರಾಂಕಾಚಿ ಪ್ರಾರ್ಥನಾಮಂದಿರಕ್ಕೆ ಇವನ ಮನೆತನದ್ದೇ ಹೆಸರು. ಕೈರೋದಿಂದ ಮರಳಿದವನು ಕೆಲವೇ ವರ್ಷಗಳಲ್ಲಿ ಆ ಚಿತ್ರಗಳನ್ನು ಬರೆಸಲು ಆರಂಭಿಸಿದ. ಮಮ್ಲೂಕರ ತಟ್ಟೆಗಳಲ್ಲಿ ಬರಹದ ನಡುನಡುವೆ ಹೂವಿನ ಬಿಲ್ಲೆಗಳಿರುತ್ತವೆ. ಜೆಂಟಿಲೆ ಬರೆದ ಪ್ರಭಾವಳಿಯಲ್ಲೂ ಹಾಗೆಯೇ ಇವೆ.

ಇದರಿಂದ ಆ ಕಾಲದ ಫ್ಲಾರೆನ್ಸ್ ನಮ್ಮನ್ನು ಪ್ರೀತಿಸುತ್ತಿತ್ತು ಎಂದು ತಿಳಿಯುವುದು ಬೇಡ. ಆ ಊರಿನ ಮಹಾಕವಿ ಡಾಂಟೆ ನಮ್ಮ ಪ್ರವಾದಿಯವರನ್ನು ತನ್ನ ಕಾವ್ಯದ ನರಕಕ್ಕೆ ತಳ್ಳಿದವನು. ಅದೇ ಕಾವ್ಯದಲ್ಲಿ ಇಬ್ನ್ ಸೀನಾ, ಇಬ್ನ್ ರುಶ್ದ್ ಮತ್ತು ಸಲಾಹುದ್ದೀನರಿಗೆ ಶಿಕ್ಷೆಯಿಲ್ಲದ ಗೌರವದ ಜಾಗ ಕೊಟ್ಟವನೂ ಅವನೇ. ದ್ವೇಷ, ಬೆರಗು, ಲಾಭ ಮೂರೂ ಒಂದೇ ಬೀದಿಯಲ್ಲಿ ವಾಸಿಸುತ್ತಿದ್ದವು. ಜೆಂಟಿಲೆಗೆ ಆ ಅಕ್ಷರಗಳು ಯಾರವೆಂಬ ವಿಚಾರ ಇತ್ತೋ ಇಲ್ಲವೋ, ಮರ್ಯಮರ ನಾಡಿನ ಕಡೆಯಿಂದ ಬಂದ ಚೆಲುವಾದ ಬರಹ ಎಂಬಷ್ಟು ಸಾಕಾಗಿರಬೇಕು. ತನ್ನಲ್ಲಿದ್ದ ಅತ್ಯಂತ ಪೂಜ್ಯವಾದ ಮುಖದ ಸುತ್ತ ಅದನ್ನು ಇಟ್ಟ. ಕುರ್‌ಆನಿನ ಒಂದು ಅಧ್ಯಾಯವೇ ಮರ್ಯಮರ ಹೆಸರಿನಲ್ಲಿದೆ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ಏನೆನ್ನುತ್ತಿದ್ದನೋ!

ಇನ್ನೊಂದು ಸಂಗತಿ ಇದಕ್ಕಿಂತ ಆಳವಾದದ್ದು. ಚಪ್ಪಟೆ ಗೋಡೆಯ ಮೇಲೆ ದೂರ ಹತ್ತಿರಗಳನ್ನು ಲೆಕ್ಕಾಚಾರದಿಂದ ತೋರಿಸುವ ವಿದ್ಯೆ ಈ ಊರಿನಲ್ಲಿ ಹುಟ್ಟಿತು. ಬ್ರುನೆಲೆಸ್ಕಿ ಎಂಬ ಶಿಲ್ಪಿ ದೊಡ್ಡ ಚರ್ಚಿನ ಬಾಗಿಲಲ್ಲಿ ನಿಂತು ಎದುರಿನ ದೀಕ್ಷಾಮಂದಿರವನ್ನು ಹಲಗೆಯ ಮೇಲೆ ಬರೆದ. ಹಲಗೆಗೆ ತೂತು ಕೊರೆದು, ಹಿಂಬದಿಯಿಂದ ಕನ್ನಡಿಯಲ್ಲಿ ಅದನ್ನು ಜನರಿಗೆ ತೋರಿಸಿದ. ಆ ದೀಕ್ಷಾಮಂದಿರದ ಚಿನ್ನದ ಬಾಗಿಲುಗಳನ್ನು ಮಾಡಿದ ಗಿಬರ್ಟಿ ತನ್ನ ಟಿಪ್ಪಣಿಗಳಲ್ಲಿ ನೋಟದ ಶಾಸ್ತ್ರವನ್ನು ವಿವರಿಸುವಾಗ ಒಂದು ಅರಬಿ ಗ್ರಂಥದಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ತೀರಿಕೊಂಡ ಇಬ್ನ್ ಅಲ್ ಹೈಥಮ್ ಹನ್ನೊಂದನೆಯ ಶತಮಾನದಲ್ಲಿ ಬರೆದ 'ಕಿತಾಬುಲ್ ಮನಾಜಿರ್' ಅದು. ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳಿಂದ ವಾದಿಸಿದ ಗ್ರಂಥ. ಹದಿನಾಲ್ಕನೆಯ ಶತಮಾನದಲ್ಲೇ ಅದು ಇಟಾಲಿಯನ್ ಭಾಷೆಗೆ ಬಂದಿತ್ತು. ಉರ್ದು ಬಲ್ಲವರಿಗೆ 'ಮಂಜರ್' ಅಂದರೆ ನೋಟ, ದೃಶ್ಯ. 'ಮನಾಜಿರ್' ಅದರ ಬಹುವಚನ.

ಜರ್ಮನಿಯ ಹಾನ್ಸ್ ಬೆಲ್ಟಿಂಗ್ 2008ರಲ್ಲಿ ಪ್ರಕಟಿಸಿದ 'ಫ್ಲಾರೆನ್ಸ್ ಮತ್ತು ಬಾಗ್ದಾದ್' ಎಂಬ ಪುಸ್ತಕ ಈ ನಂಟನ್ನೇ ಹಿಡಿದು ಬೆಳೆಸುತ್ತದೆ. ಅರಬರು ನೋಟದ ಗಣಿತವನ್ನು ಕೊಟ್ಟರು, ಫ್ಲಾರೆನ್ಸಿನವರು ಅದನ್ನು ಚಿತ್ರವಾಗಿಸಿದರು ಎಂಬುದು ಅವರ ವಾದದ ತಿರುಳು. ಪುನರುಜ್ಜೀವನ ಎಂದರೆ ಗ್ರೀಸಿನಿಂದ ನೇರವಾಗಿ ಇಟಲಿಗೆ ಜಿಗಿದ ಪವಾಡ ಎಂದು ಪಾಠ ಕಲಿತ ನಮಗೆ ಇದು ದೊಡ್ಡ ಉಪಕಾರ. ಆದರೂ ಒಂದು ತಕರಾರು ಉಳಿಯುತ್ತದೆ. ಚಿತ್ರವಿಲ್ಲದ ನಾಗರಿಕತೆ ಒಂದು ಕಡೆ, ಚಿತ್ರವಿರುವ ನಾಗರಿಕತೆ ಇನ್ನೊಂದು ಕಡೆ ಎಂದು ಎರಡನ್ನು ಎದುರುಬದುರು ಕೂರಿಸುವ ಈ ಚೌಕಟ್ಟಿನಲ್ಲಿ ದಖ್ಖನಿನವರಾದ ನಮಗೆ ಜಾಗ ಸಾಲದು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಚಿತ್ರಕಾರರು ಅರಸನ ಮುಖವನ್ನೇ ಬರೆಯುತ್ತಿದ್ದರು. ಅವರನ್ನು ಯಾವ ಕಡೆ ಕೂರಿಸುವುದು?

ತಕರಾರು ನಮ್ಮವರ ಮೇಲೂ ಇದೆ. ವೇದಿಕೆ ಸಿಕ್ಕಿದ ಕೂಡಲೇ ಯುರೋಪಿನ ವಿದ್ಯೆಯೆಲ್ಲ ನಮ್ಮದೇ ಎನ್ನುವ ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ಹಾಗೆನ್ನುವವರಲ್ಲಿ ಇಬ್ನ್ ಅಲ್ ಹೈಥಮರನ್ನು ಓದಿದವರೆಷ್ಟು? ಹೆಸರು ಹೇಳಿ ಹೆಮ್ಮೆಪಡುವುದಕ್ಕೂ, ಓದಲು ಬಾರದ ಅಕ್ಷರವನ್ನು ಚಿನ್ನದಲ್ಲಿ ಬರೆಯುವುದಕ್ಕೂ ಬಹಳ ವ್ಯತ್ಯಾಸವಿಲ್ಲ. ಜೆಂಟಿಲೆ ಚಿತ್ರವನ್ನಾದರೂ ಕೊಟ್ಟ.

ಚಿತ್ರಶಾಲೆಯಿಂದ ಹೊರಬಂದಾಗ ಬೀದಿಯಲ್ಲಿ ಸೆನೆಗಲ್ ದೇಶದ ಹುಡುಗನೊಬ್ಬ ಅದೇ ಚಿತ್ರಶಾಲೆಯ ಚಿತ್ರಗಳ ಮುದ್ರಿತ ಹಾಳೆಗಳನ್ನು ನೆಲದ ಮೇಲೆ ಹರಡಿ ಮಾರುತ್ತಿದ್ದ. ನಮ್ಮ ಗಡ್ಡ ನೋಡಿ ಸಲಾಂ ಹೇಳಿದ. ಒಳಗೆ ಹೋಗಿ ನೋಡಿದ್ದೀಯಾ ಎಂದು ಕೇಳಿದೆವು. ನಕ್ಕು ತಲೆಯಾಡಿಸಿದ, ಇಲ್ಲ. ಅಷ್ಟರಲ್ಲಿ ಪೊಲೀಸರು ಬಂದರೆಂದು ಯಾರೋ ಕೂಗಿದರು. ಹಾಳೆಗಳನ್ನು ಬಾಚಿಕೊಂಡು ಓಡಿದ.

ಫ್ಲಾರೆನ್ಸಿನಲ್ಲೇ ಹುಟ್ಟಿದ ಪ್ರಸಿದ್ಧ ಪತ್ರಕರ್ತೆ ಒರಿಯಾನಾ ಫಲ್ಲಾಚಿ 2001ರಲ್ಲಿ ಬರೆದ ಪುಸ್ತಕ ನೆನಪಾಯಿತು. ಅದಕ್ಕೆ ಹಿಂದಿನ ವರ್ಷ ಸೊಮಾಲಿಯಾದ ವಲಸಿಗರು ತಮ್ಮ ಬೇಡಿಕೆಗಳಿಗಾಗಿ ದೊಡ್ಡ ಚರ್ಚಿನ ಮೈದಾನದಲ್ಲಿ ಗುಡಾರ ಹಾಕಿ ಕುಳಿತಿದ್ದರು. ಅವರಿಂದ ತನ್ನ ಊರಿನ ಕಲೆ ಮೈಲಿಗೆಯಾಯಿತೆಂದು ಆಕೆ ಕೆಂಡಕಾರಿದರು. ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 2011ರ ಡಿಸೆಂಬರ್ 13ರಂದು ಇದೇ ನಗರದಲ್ಲಿ ಬಲಪಂಥೀಯನೊಬ್ಬ ಸೆನೆಗಲ್‌ನ ಇಬ್ಬರು ಬೀದಿ ವ್ಯಾಪಾರಿಗಳನ್ನು ಗುಂಡಿಟ್ಟು ಕೊಂದ. ಪುಸ್ತಕವೇ ಕೊಂದಿತು ಎನ್ನುವ ಮಾತು ನಮ್ಮದಲ್ಲ. ಕಲೆಯನ್ನು ಬೇಲಿಯಾಗಿ ಬಳಸುವವರು, ಆ ಕಲೆಯನ್ನು ಸರಿಯಾಗಿ ನೋಡಿಲ್ಲ ಎಂಬುದಷ್ಟೇ ನಮ್ಮ ಮಾತು. ಸೊಮಾಲಿಯವರು ಗುಡಾರ ಹಾಕಿದ ಜಾಗದಲ್ಲೇ ಬ್ರುನೆಲೆಸ್ಕಿ ಕನ್ನಡಿ ಹಿಡಿದು ನಿಂತಿದ್ದ.

ಉರ್ದು ಸಾಹಿತ್ಯದ ಪ್ರವಾಸಿ ಯುರೋಪಿಗೆ ಹೋದರೆ ಕಾರ್ಡೊಬಾಕ್ಕೆ ಹೋಗಿ ಕಣ್ಣೀರಿಡುವುದು ರೂಢಿ. 1933ರಲ್ಲಿ ಇಕ್ಬಾಲರು ಅಲ್ಲಿನ ಮಸೀದಿಗೆ ಹೋದಾಗಿನಿಂದ ನಮಗೆ ಅದೇ ದಾರಿ. ಕಳೆದುಕೊಂಡದ್ದನ್ನು ನೆನೆಯಲು ಅಲ್ಲಿಗೆ ಹೋಗಬೇಕು, ನಿಜ. ಫ್ಲಾರೆನ್ಸ್ ಮಾತ್ರ ಬೇರೆಯೇ ಪಾಠ ಹೇಳುತ್ತದೆ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೈರೋದಿಂದ ಬಂದ ಒಂದು ಫಾರಸಿ ಹಸ್ತಪ್ರತಿ ಇದೆ. ಅದು ಕುರ್‌ಆನಿನ ವ್ಯಾಖ್ಯಾನ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ಕಪಾಟಿನಲ್ಲಿತ್ತು. 1970ರ ದಶಕದ ಕೊನೆಯಲ್ಲಿ ಒಬ್ಬರು ಅದನ್ನು ತೆರೆದು ಸಾಲು ಸಾಲಾಗಿ ಓದಿದರು. ಅದು ಫಿರ್ದೌಸಿಯ 'ಶಾಹ್‌ನಾಮಾ'ದ ಮೊದಲರ್ಧವಾಗಿತ್ತು. 1217ರ ಆ ಪ್ರತಿಗಿಂತ ಹಳೆಯ ತಾರೀಖು ಹೊತ್ತ ಶಾಹ್‌ನಾಮಾ ಬೇರೆಲ್ಲೂ ಸಿಕ್ಕಿಲ್ಲ. ಓದಿದವರು ಇರಾನಿನವರಲ್ಲ, ಮುಸಲ್ಮಾನರೂ ಅಲ್ಲ. ಆಂಜೆಲೊ ಪಿಯೆಮೊಂತೆಸೆ ಎಂಬ ಇಟಲಿಯ ವಿದ್ವಾಂಸರು.