ಹೆಸರು ಓದುವವರು, ಹೆಸರು ಬರೆಯುವವರು

ಬೆಂಗಳೂರಿನ ಶಿವಾಜಿನಗರದ ಸರ್ಕಾರಿ ಶಾಲೆಯೊಂದರ ಕೋಣೆ. ನಾಲ್ಕನೇ ತರಗತಿ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತ ಮೊದಲ ಮತಗಟ್ಟೆ ಅಧಿಕಾರಿ ಹೆಸರು ಓದುತ್ತಾರೆ. ಗೋಡೆ ಪಕ್ಕ ಕೂತ ಪಕ್ಷಗಳ ಏಜೆಂಟರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಓದಬೇಕು. ಆಕ್ಷೇಪಣೆ ಇದ್ದರೆ ಅವರು ಆಗಲೇ ಹೇಳಬೇಕು. ಇಲ್ಲಿ ಪಟ್ಟಿಯ ಒಂದೇ ಪುಟದಲ್ಲಿ ಉರ್ದು, ತಮಿಳು, ತೆಲುಗು, ಕನ್ನಡ ಹೆಸರುಗಳು ಸಾಲಾಗಿ ನಿಂತಿರುತ್ತವೆ. ಕನ್ನಡ ಲಿಪಿಗೆ ಇಳಿಯುವಾಗ ಫಾತಿಮಾ ಹೋಗಿ ಪಾತಿಮ ಆಗಿರುತ್ತದೆ. ಅಧಿಕಾರಿ ಓದಿದ್ದು ತನ್ನ ಹೆಸರೇ ಎಂದು ಎದುರಿಗೆ ನಿಂತ ಹೆಂಗಸಿಗೆ ಗೊತ್ತಾಗುವುದಿಲ್ಲ. ಮತ್ತೊಮ್ಮೆ ಓದುತ್ತಾರೆ. ಈ ಸಲ ತಂದೆಯ ಹೆಸರನ್ನೂ ಸೇರಿಸುತ್ತಾರೆ. ಆಕೆಯ ಮುಖ ಅರಳುತ್ತದೆ. ಕ್ರಮಸಂಖ್ಯೆಗೆ ಒಂದು ಸುತ್ತು, ಮೇಲೊಂದು ಗೆರೆ. ಸಣ್ಣಪುಟ್ಟ ಕಾಗುಣಿತದ ತಪ್ಪಿಗೆ ಯಾರ ಮತವನ್ನೂ ತಪ್ಪಿಸಬಾರದು ಎಂಬ ನಿಯಮ ಕೈಪಿಡಿಯಲ್ಲಿ ಒಂದೆರಡು ಸಾಲಿನದು. ಅದಕ್ಕೆ ಜೀವ ಬರುವುದು ಈ ಎರಡನೇ ಸಲದ ಓದಿನಲ್ಲಿ.

ಈ ಕೆಲಸಕ್ಕೆ ನಮ್ಮಲ್ಲಿ ಯಾರೂ ಅರ್ಜಿ ಹಾಕುವುದಿಲ್ಲ. ಬ್ರಿಟನ್ನಿನಲ್ಲಿ ಸ್ಥಳೀಯ ಕೌನ್ಸಿಲ್‌ಗಳು ಮತಗಟ್ಟೆಗೂ ಎಣಿಕೆಗೂ ಸಾರ್ವಜನಿಕರನ್ನು ಸಂಬಳ ಕೊಟ್ಟು ಒಂದೆರಡು ದಿನದ ಮಟ್ಟಿಗೆ ತೆಗೆದುಕೊಳ್ಳುತ್ತವೆ. ಇಲ್ಲಿ ಬರುವುದು ಆದೇಶಪತ್ರ. ಶಾಲಾ ಶಿಕ್ಷಕಿ, ಬ್ಯಾಂಕಿನ ಗುಮಾಸ್ತ, ನಿಗಮದ ಎಂಜಿನಿಯರ್, ಯಾರಿಗಾದರೂ ಬರಬಹುದು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಆ ಅವಧಿಗೆ ಅವರು ಚುನಾವಣಾ ಆಯೋಗದ ಸಿಬ್ಬಂದಿ. ಯಾರಿಗೆ ಯಾವ ಮತಗಟ್ಟೆ ಎನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿ ತೀರ್ಮಾನಿಸುತ್ತದೆ. ನನ್ನ ಮಟ್ಟಿಗೆ ಈ ಪದ್ಧತಿಯ ದೊಡ್ಡ ಗುಣ ಇದೇ. ಬೂತಿನಲ್ಲಿ ಕೂತವರನ್ನು ಯಾವ ಅಭ್ಯರ್ಥಿಯೂ ಆರಿಸಿರುವುದಿಲ್ಲ, ಅವರಿಗೂ ಆ ಬೀದಿಯನ್ನು ಆರಿಸಿಕೊಳ್ಳುವ ಅವಕಾಶ ಇರುವುದಿಲ್ಲ.

ಕೆಲಸದ ಹೆಣಿಗೆಯೂ ಬಹಳ ಯೋಚಿಸಿ ಮಾಡಿದ್ದು. ಬೆಳಗಿನ 7ಕ್ಕೆ ಮತದಾನವೆಂದರೆ ಐದೂವರೆಗೇ ಅಣಕು ಮತದಾನ. ಕನಿಷ್ಠ 50 ಮತ ಒತ್ತಿ, ಏಜೆಂಟರ ಎದುರಲ್ಲೇ ಎಣಿಸಿ, ಯಂತ್ರವನ್ನು ಖಾಲಿ ಮಾಡಬೇಕು. ಕ್ಲೋಸ್, ರಿಸಲ್ಟ್, ಕ್ಲಿಯರ್: ತರಬೇತಿಯಲ್ಲಿ ಮಗ್ಗಿಯಂತೆ ಉರುಹಚ್ಚಿಸುವ ಮೂರು ಮಾತು. ಹಿಂದಿನ ರಾತ್ರಿ ಅದೇ ಶಾಲೆಯ ಬೆಂಚು ಜೋಡಿಸಿಕೊಂಡು ಮಲಗಿದವರು, ಸೊಳ್ಳೆಗೆ ನಿದ್ದೆಗೆಟ್ಟವರು, ಈ ಮೂರರಲ್ಲಿ ಕೊನೆಯದನ್ನು ಮರೆತರೆ ಆ ಬೂತಿನ ಲೆಕ್ಕವೇ ಕೆಡುತ್ತದೆ. ಆಮೇಲೆ ಒಬ್ಬರು ಹೆಸರು ಓದಿದರೆ, ಇನ್ನೊಬ್ಬರು ಮೈಸೂರಿನ ಕಾರ್ಖಾನೆಯ ಶಾಯಿ ಹಚ್ಚಿ 17ಎ ರಿಜಿಸ್ಟರಿನಲ್ಲಿ ಸಹಿ ಪಡೆಯುತ್ತಾರೆ, ಮತ್ತೊಬ್ಬರು ಚೀಟಿ ತೆಗೆದುಕೊಂಡು ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತುತ್ತಾರೆ. ಒಬ್ಬರು ಎಡವಿದರೆ ಪಕ್ಕದವರಿಗೆ ಅಲ್ಲೇ ಗೊತ್ತಾಗುತ್ತದೆ. ಸಂಜೆ ರಿಜಿಸ್ಟರಿನ ಲೆಕ್ಕವೂ ಯಂತ್ರದ ಲೆಕ್ಕವೂ ತಾಳೆಯಾಗಬೇಕು. 17ಸಿ ನಮೂನೆ ತುಂಬಿ, ಪ್ರಿಸೈಡಿಂಗ್ ಅಧಿಕಾರಿ ಸಹಿ ಹಾಕಿ, ಅದರ ಪ್ರತಿಯನ್ನು ಏಜೆಂಟರ ಕೈಗಿಡಬೇಕು.

ಎಣಿಕೆಯ ದಿನ ತೆರೆಯುವುದು ಈ ಕಾಗದವನ್ನೇ. 2024ರ ಜೂನ್ 4ರಂದು ವಸಂತನಗರದ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಎಣಿಕೆ ನಡೆಯಿತು. ಎಣಿಕೆಯ ಮೇಜಿನಲ್ಲಿ ಕಂಟ್ರೋಲ್ ಯೂನಿಟ್‌ನ ಸಂಖ್ಯೆಯನ್ನು 17ಸಿಯ ಪಕ್ಕ ಹಿಡಿದು ನೋಡುತ್ತಾರೆ. ಅಂಕಿ ತಾಳೆಯಾದರೆ ಮಾತ್ರ ಮುಂದಿನ ಕೆಲಸ. ಯಾರು ಯಾವ ಮೇಜಿಗೆ ಎನ್ನುವುದೂ ಅಂದು ಬೆಳಗಿನ ಜಾವವೇ ತಿಳಿಯುವುದು. ಇಲ್ಲಿ ದುಡಿಯುವವರಿಗೆ ಬೆವರಿಗಿಂತ ಎಚ್ಚರ ಹೆಚ್ಚು ಬೇಕು. ಸುತ್ತಿನ ಮೇಲೆ ಸುತ್ತು ಬಂದರೂ ಹದಿನಾಲ್ಕನೇ ಸುತ್ತಿನ ಅಂಕಿಯನ್ನು ಮೊದಲ ಸುತ್ತಿನದರಷ್ಟೇ ಗಮನವಿಟ್ಟು ಬರೆಯಬೇಕು.

ಇಷ್ಟಕ್ಕೆ ಕೊಡುವುದೇನು? ಹತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಿಸೈಡಿಂಗ್ ಅಧಿಕಾರಿಗೆ ದಿನಕ್ಕೆ 350 ರೂಪಾಯಿ, ಮತಗಟ್ಟೆ ಅಧಿಕಾರಿಗೆ 250. 2025ರ ಆಗಸ್ಟ್‌ನಲ್ಲಿ ಆಯೋಗ ಇದನ್ನು 500 ಮತ್ತು 400ಕ್ಕೆ ಏರಿಸಿತು. ಹೆಚ್ಚಿನವರಿಗೆ ತಿಂಗಳ ಸಂಬಳ ಇದೆ, ಒಪ್ಪೋಣ. ಆದರೆ ನನಗೆ ಹೆಚ್ಚು ನೋಯುವುದು ಮತದಾನ ಮುಗಿದು ಯಂತ್ರ ಒಪ್ಪಿಸುವ ಡಿ-ಮಸ್ಟರಿಂಗ್‌ನ ರಾತ್ರಿ. ಒಮ್ಮೆ ನಾನೂ ಇದ್ದ ಮತಗಟ್ಟೆ ತಂಡ ಯಂತ್ರಗಳನ್ನು ಹೊತ್ತುಕೊಂಡು ಸ್ವೀಕಾರ ಕೇಂದ್ರಕ್ಕೆ ಬಂದಾಗ ರಾತ್ರಿ ಒಂಬತ್ತು. ಸರದಿ ಮುಗಿದಾಗ ಒಂದು ಗಂಟೆ ದಾಟಿತ್ತು. ಒಂದು ಲಕೋಟೆಯ ಮೇಲೆ ಅರಗಿನ ಮುದ್ರೆ ಸರಿಯಾಗಿಲ್ಲವೆಂದು ವಾಪಸ್ ಕಳಿಸಿದರು. ಪ್ರಿಸೈಡಿಂಗ್ ಅಧಿಕಾರಿ, ಐವತ್ತು ದಾಟಿದ ಶಿಕ್ಷಕಿ, ನೆಲದಲ್ಲೇ ಕೂತು ಮೊಂಬತ್ತಿ ಹಚ್ಚಿ ಅರಗು ಕರಗಿಸಿದರು. ಮನೆಗೆ ಹೋಗಲು ಬಸ್ಸಿರಲಿಲ್ಲ. ಭತ್ಯೆಯ ನೂರೈವತ್ತು ರೂಪಾಯಿ ಏರಿಸುವುದಕ್ಕಿಂತ ಮೊದಲು ಆ ರಾತ್ರಿ ಒಂದು ಕುರ್ಚಿ, ಒಂದು ಊಟ, ಮನೆವರೆಗೆ ಒಂದು ವಾಹನ ಕೊಡಬೇಕಿತ್ತು. ನಂಬಿಕೆಯ ಕೆಲಸ ಮಾಡಿದವರನ್ನು ಹಾಗೆ ಬೀದಿಗೆ ಬಿಡಬಾರದು.

ಇಷ್ಟಿದ್ದರೂ ಮತದಾನದ ದಿನವನ್ನೂ ಎಣಿಕೆಯ ದಿನವನ್ನೂ ನಾನು ಒಳ್ಳೆಯ ಪದ್ಧತಿ ಎಂದೇ ಎಣಿಸುತ್ತೇನೆ. ಕೊರತೆ ಇರುವುದು ಅದಕ್ಕೂ ಹಿಂದೆ, ಹೆಸರು ಬರೆಯುವ ಕಡೆ. 2022ರಲ್ಲಿ ಶಿವಾಜಿನಗರ ಅದನ್ನು ಕಣ್ಣಾರೆ ಕಂಡಿತು. ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಚಿಲುಮೆ ಸಂಸ್ಥೆಯ ಕಡೆಯವರು, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ)ಗಳೆಂಬ ಗುರುತಿನ ಚೀಟಿ ತೊಟ್ಟು ಮನೆಮನೆಗೆ ಹೋಗಿ ವಿವರ ಕಲೆಹಾಕಿದರೆಂಬ ಆರೋಪ ನವೆಂಬರ್‌ನಲ್ಲಿ ಹೊರಬಿತ್ತು. ಆಯೋಗ ಇಬ್ಬರು ಅಪರ ಜಿಲ್ಲಾ ಚುನಾವಣಾಧಿಕಾರಿಗಳನ್ನು ಅಮಾನತು ಮಾಡಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರಗಳಲ್ಲಿ ಆ ವರ್ಷ ಸೇರಿಸಿದ, ಕೈಬಿಟ್ಟ ಹೆಸರುಗಳನ್ನೆಲ್ಲ ನೂರಕ್ಕೆ ನೂರು ಮರುಪರಿಶೀಲಿಸಲು ಹೇಳಿತು. 2025ರಲ್ಲಿ ರಾಹುಲ್ ಗಾಂಧಿ ಮಹದೇವಪುರದ ಬಗ್ಗೆ ಎತ್ತಿದ, ಆಯೋಗ ತಳ್ಳಿಹಾಕಿದ ಆರೋಪಗಳೂ ಪಟ್ಟಿಯ ಮೇಲಿನವೇ.

ಹಂಗಾಮಿ ಕೆಲಸವೆಂಬುದೇ ತಪ್ಪು ಎಂದು ಇದಕ್ಕೆ ಅರ್ಥವಲ್ಲ. ಮತಗಟ್ಟೆಯ ಕೆಲಸವೂ ಎರಡು ದಿನದ್ದೇ. ಆದರೆ ಅಲ್ಲಿ ಆದೇಶಪತ್ರ ಇದೆ, ತರಬೇತಿ ಇದೆ, ನೋಡುವ ಏಜೆಂಟರಿದ್ದಾರೆ, ಕೊನೆಗೆ ಹೆಸರು ಹಿಡಿದು ಕೇಳಬಹುದಾದ ಒಂದು ಸಹಿ ಇದೆ. ಬಾಗಿಲಿಗೆ ಬಂದು ಫೋನ್ ನಂಬರ್, ಆಧಾರ್ ಕೇಳಿ ಹೋದವನ ಬಳಿ ಇವು ಯಾವುವೂ ಇರಲಿಲ್ಲ. ಬಾಡಿಗೆ ಮನೆಗಳೇ ತುಂಬಿದ ಈ ಗಲ್ಲಿಗಳಲ್ಲಿ ಒಂದು ಮನೆ ಬದಲಾದರೆ ನಾಲ್ಕು ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು. ಮತದಾನದ ದಿನ ಅದೇ ಹೆಸರಿನವರು ಬಂದು ಬಾಗಿಲಲ್ಲಿ ನಿಂತಾಗ, ಹೆಸರು ಓದುವವರು ಎಷ್ಟು ಎಚ್ಚರದವರಾದರೂ ಪಟ್ಟಿಯಲ್ಲಿ ಇಲ್ಲದ್ದನ್ನು ಓದಲಾರರು.

ಆ ಪಟ್ಟಿ ಬರೆಯುವ ಬಿಎಲ್‌ಒಗೆ 2015ರಿಂದ ವರ್ಷಕ್ಕೆ ಸಿಗುತ್ತಿದ್ದುದು 6,000 ರೂಪಾಯಿ, ತಿಂಗಳಿಗೆ ಐನೂರು. 2025ರಲ್ಲಿ ಅದು 12,000 ಆಯಿತು. ಶಿಕ್ಷಕರನ್ನು ಈ ಕೆಲಸಕ್ಕೆ ರಜಾದಿನದಲ್ಲೋ ಪಾಠವಿಲ್ಲದ ಹೊತ್ತಿನಲ್ಲೋ ಮಾತ್ರ ಹಚ್ಚಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಹಾಗಾಗಿ ಬಿಎಲ್‌ಒ ಆದ ಶಿಕ್ಷಕರು ಸಂಜೆ ಬರುತ್ತಾರೆ. ರಸೆಲ್ ಮಾರ್ಕೆಟ್ ಹಿಂದಿನ ಓಣಿಗಳಲ್ಲಿ ಆ ಹೊತ್ತಿಗೆ ಗಂಡಸರು ಅಂಗಡಿಯಲ್ಲಿರುತ್ತಾರೆ, ಹೆಂಗಸರು ಅಪರಿಚಿತರಿಗೆ ಬಾಗಿಲು ತೆರೆಯಲು ಹಿಂಜರಿಯುತ್ತಾರೆ. 2022ರ ನಂತರವಂತೂ ಹಿಂಜರಿಯಲು ಕಾರಣವೂ ಇದೆ. ಬಿಎಲ್‌ಒ ಕೊರಳಿನ ಗುರುತಿನ ಚೀಟಿಯನ್ನು ಎತ್ತಿ ತೋರಿಸುತ್ತಾರೆ. ಒಳಗಿನವರು ಅದನ್ನು ಕಿಟಕಿಯ ಸರಳಿನ ಆಚೆಯಿಂದ ನೋಡುತ್ತಾರೆ, ಆದರೂ ಚಿಲಕ ತೆಗೆಯುವುದಿಲ್ಲ.